ಗೋಡೆಗೆ ಕೆನೆಬಣ್ಣವೋ, ತಿಳಿಬೂದುಬಣ್ಣವೋ?

ಮನೆಯ ಗೋಡೆಗೆ ಕಣ್ಣು ಕುಕ್ಕುವ ಬಣ್ಣ ಬೇಡವೆನ್ನುವವರು ಸಾಮಾನ್ಯವಾಗಿ ಕೆನೆಬಣ್ಣವನ್ನೋ ತಿಳಿಬೂದುಬಣ್ಣವನ್ನೋ ಆರಿಸುತ್ತಾರೆ. ಅಂಗಡಿಯ ಷೇಡ್ ಕಾರ್ಡಿನಲ್ಲಿ ಎರಡೂ ಸೌಮ್ಯವಾಗಿಯೇ ತೋರುತ್ತವೆ. ಆದರೆ ನಾಲ್ಕು ಗೋಡೆಗಳಿಗೂ ಬಳಿದಾದ ಮೇಲೆ, "ನಾವು ಆರಿಸಿದ ಬಣ್ಣ ಇದಲ್ಲ" ಎಂದು ಬಣ್ಣ ಬಳಿದವನನ್ನು ದೂರುವುದುಂಟು. ದೋಷ ಅವನದಲ್ಲ; ಬೆಳಕಿನ ಸ್ವಭಾವವೇ ಅಂಥದು.

ಇಂದಿನ ಬಣ್ಣಗಳಿಗೆ ಸಾಮಾನ್ಯವಾಗಿ ಟೈಟೇನಿಯಂ ಡೈಆಕ್ಸೈಡ್ ಎಂಬ ಬಿಳಿಯ ಪುಡಿಯೇ ಆಧಾರ. ಅದಕ್ಕೆ ಕಬ್ಬಿಣದ ಆಕ್ಸೈಡಿನ ಹಳದಿಯನ್ನು ತುಸು ಸೇರಿಸಿದರೆ ಕೆನೆಬಣ್ಣ, ಕಪ್ಪನ್ನು ಸೇರಿಸಿದರೆ ಬೂದುಬಣ್ಣ. ಹಳದಿಯು ಬೆಳಕಿನಲ್ಲಿರುವ ನೀಲಿಯ ಅಂಶವನ್ನು ಹೆಚ್ಚಾಗಿ ಹೀರುತ್ತದೆ. ಕಪ್ಪು ಎಲ್ಲ ಅಂಶಗಳನ್ನೂ ಹೆಚ್ಚುಕಡಿಮೆ ಸಮನಾಗಿ ಹೀರುತ್ತದೆ. ಸುಣ್ಣಕ್ಕೆ ಚಿಟಿಕೆ ನೀಲಿ ಬೆರೆಸಿ ಅದರ ಹಳದಿ ಛಾಯೆಯನ್ನು ಅಡಗಿಸುವ ರೂಢಿಯನ್ನು ಬಲ್ಲವರಿಗೆ ಅಲ್ಪ ಬೆರಕೆಯ ಮಹಿಮೆ ಹೊಸದಲ್ಲ.

ಲೆಕ್ಕದ ಸೌಕರ್ಯಕ್ಕಾಗಿ, ಕೆನೆಬಣ್ಣವು ತನ್ನ ಮೇಲೆ ಬಿದ್ದ ಕೆಂಪು ಬೆಳಕಿನಲ್ಲಿ ಶೇಕಡಾ 80ನ್ನೂ ನೀಲಿಯಲ್ಲಿ ಶೇಕಡಾ 60ನ್ನೂ ಪ್ರತಿಫಲಿಸುವುದೆಂದು ಭಾವಿಸೋಣ. ಕಾರ್ಡಿನಿಂದ ಬೆಳಕು ಒಮ್ಮೆ ಮಾತ್ರ ಹಿಂದಿರುಗಿ ಕಣ್ಣಿಗೆ ಬರುತ್ತದೆ. ಆಗ ಅಂತರ 80ಕ್ಕೂ 60ಕ್ಕೂ ಇರುವಷ್ಟೇ. ಕೋಣೆಯಲ್ಲಾದರೋ ಒಂದು ಗೋಡೆಯಿಂದ ಹೊರಟ ಬೆಳಕು ಇನ್ನೊಂದಕ್ಕೆ ತಗುಲಿ ಮತ್ತೆ ಮತ್ತೆ ಪ್ರತಿಫಲಿಸುತ್ತದೆ. 100 ಭಾಗ ಕೆಂಪು ಬೆಳಕು ಮೊದಲು 80, ಅನಂತರ 64, ಮುಂದೆ 51 ಹೀಗೆ ಮರಳುತ್ತ ಒಟ್ಟು 400ಕ್ಕೆ ಮುಟ್ಟಿದರೆ, ನೀಲಿಯು 60, 36, 22 ಎಂದು ಕುಗ್ಗುತ್ತ 150ಕ್ಕೇ ನಿಲ್ಲುತ್ತದೆ. ಕಿಟಕಿಯೂ ನೆಲವೂ ಸಾಕಷ್ಟು ಬೆಳಕನ್ನು ನುಂಗುವುದರಿಂದ ನಿಜವಾದ ಕೋಣೆಯಲ್ಲಿ ಅಂತರ ಇಷ್ಟಿರದು. ಆದರೂ ಕಾರ್ಡಿನ ಕೆನೆಬಣ್ಣ ಗೋಡೆಯಲ್ಲಿ ಮತ್ತಷ್ಟು ಹಳದಿಯಾಗಿ ಕಾಣುವುದು ಈ ಕಾರಣದಿಂದಲೇ.

ಎಲ್ಲ ಅಂಶಗಳನ್ನೂ ಶೇಕಡಾ 60ರಂತೆ ಪ್ರತಿಫಲಿಸುವ ಬೂದುಬಣ್ಣದಲ್ಲಿ ಈ ವರ್ಣಪಲ್ಲಟವಿಲ್ಲ. ಆದರೆ ಅದರಿಂದ ಕೋಣೆಗೆ ಮರಳುವ ಒಟ್ಟು ಬೆಳಕು ಕಡಿಮೆ. ಮೇಲಾಗಿ ಅದು ತನ್ನ ಮೇಲೆ ಬಿದ್ದ ಬೆಳಕಿನ ಛಾಯೆಯನ್ನೇ ತಳೆಯುತ್ತದೆ: ನೇರ ಬಿಸಿಲಿಲ್ಲದ ಕಿಟಕಿಯಿಂದ ನೀಲಾಕಾಶದ ಬೆಳಕು ಬಂದರೆ ತುಸು ನೀಲಿ, ತಂತಿದೀಪದ ಬೆಳಕಿನಲ್ಲಿ ತುಸು ಹಳದಿ.

ಆದುದರಿಂದ ಮಕ್ಕಳು ಓದುವ, ಹಗಲಲ್ಲೂ ಮಬ್ಬಾದ ಒಳಕೋಣೆಗೆ ತೆಳುವಾದ ಕೆನೆಬಣ್ಣ ಹಿತ. ಬಿಸಿಲು ತುಂಬಿ ಕಣ್ಣು ಕೋರೈಸುವ ಕೋಣೆಗೆ ತಿಳಿಬೂದು ಹಿತ. ಕಾರ್ಡನ್ನೇ ನಂಬದೆ, ಎರಡು ಗೋಡೆಗಳು ಕೂಡುವ ಮೂಲೆಯಲ್ಲಿ ಎರಡೂ ಕಡೆ ಅಗಲವಾಗಿ ಬಳಿದು, ಹಗಲಿನಲ್ಲಿ ಒಮ್ಮೆ, ರಾತ್ರಿ ದೀಪ ಹಚ್ಚಿ ಒಮ್ಮೆ ನೋಡಬೇಕು. ಅಷ್ಟು ಮಾಡಿದರೆ ಇಡೀ ಕೋಣೆಗೆ ಎರಡನೆಯ ಬಾರಿ ಬಣ್ಣ ಬಳಿಸುವ ವೆಚ್ಚ ತಪ್ಪುತ್ತದೆ.