ಕೊಡಸಿಗೆಯ ತೊಗಟೆಯೂ ಆಮಶಂಕೆಯ ಔಷಧವೂ

ಕರಾವಳಿ, ಮಲೆನಾಡುಗಳಿಂದ ಮುಂಬಯಿಗೆ ಬಂದು ನೆಲಸಿದ ಕನ್ನಡಿಗರಿಗೆ ಕೊಡಸಿಗೆ ಅಪರಿಚಿತವಲ್ಲ. ಅದರ ಹೂವಿನ ತಂಬುಳಿ ಹೊಟ್ಟೆಗೆ ಹಿತವೆಂಬುದನ್ನು ಹಿರಿಯರು ಬಲ್ಲರು. ಸಂಸ್ಕೃತದಲ್ಲಿ ಕುಟಜವೆಂದೂ ಮರಾಠಿಯಲ್ಲಿ ಕುಡಾ ಎಂದೂ ಹೆಸರಾದ ಈ ಕಿರುಮರದ ತೊಗಟೆಯಿಂದಲೇ ಕುಟಜಾರಿಷ್ಟವು ಸಿದ್ಧವಾಗುತ್ತದೆ. ಅತಿಸಾರ, ರಕ್ತಾತಿಸಾರಗಳಿಗೆ ಆಯುರ್ವೇದವು ಇದನ್ನು ಶತಮಾನಗಳಿಂದ ಬಳಸುತ್ತ ಬಂದಿದೆ.

ತೊಗಟೆಯಲ್ಲಡಗಿದ ಸತ್ತ್ವವನ್ನು ಮೊದಲು ಬೇರ್ಪಡಿಸಿದ್ದು ಮುಂಬಯಿಯಲ್ಲೇ ಎಂಬುದು ಹಲವರಿಗೆ ತಿಳಿಯದು. 1858ರಲ್ಲಿ ಇಲ್ಲಿದ್ದ ಹೇನ್ಸ್ ಎಂಬ ವಿಜ್ಞಾನಿ ಅದರಿಂದ ಕೊನೆಸ್ಸೀನ್ ಎಂಬ ಆಲ್ಕಲಾಯ್ಡನ್ನು ಪಡೆದನು. ಸಸ್ಯಗಳಲ್ಲಿ ದೊರೆಯುವ, ಸಾರಜನಕವುಳ್ಳ, ಕ್ಷಾರಗುಣದ ದ್ರವ್ಯಗಳಿಗೆ ಆಲ್ಕಲಾಯ್ಡ್ ಎಂದು ಹೆಸರು. ಆಮಶಂಕೆಯ ರೋಗಿಯ ಮಲದಲ್ಲಿ ರಷ್ಯದ ಲ್ಯೋಶ್ ಅಮೀಬಾ ಎಂಬ ಪರೋಪಜೀವಿಯನ್ನು ಗುರುತಿಸಿ ವರ್ಣಿಸಿದ್ದು 1875ರಲ್ಲಿ. ಹೀಗೆ ವೈರಿಯ ಗುರುತು ಸಿಗುವ ಮುನ್ನವೇ ಆಯುಧ ಕೈಸೇರಿತ್ತು.

ಆದರೂ ಮೊದಲು ಪ್ರಸಿದ್ಧಿಗೆ ಬಂದದ್ದು ದಕ್ಷಿಣ ಅಮೆರಿಕದ ಇಪೆಕಾಕ್ ಬೇರಿನ ಎಮೆಟೀನ್. 1912ರಲ್ಲಿ ಕಲ್ಕತ್ತೆಯ ಲಿಯೊನಾರ್ಡ್ ರೋಜರ್ಸ್ ಇದನ್ನು ಚುಚ್ಚುಮದ್ದಾಗಿ ಬಳಸಿದನು. ಅದು ಅನೇಕರ ಪ್ರಾಣ ಉಳಿಸಿತಾದರೂ ಹೃದಯಕ್ಕೆ ಅಪಾಯಕಾರಿಯಾಗಿತ್ತು. ಅದಕ್ಕೆ ಬದಲಿಯಾಗಬಹುದೆಂದು ಕಲ್ಕತ್ತೆಯಲ್ಲಿ ಆರ್. ಎನ್. ಚೋಪ್ರಾ ಮೊದಲಾದವರು ಕುಟಜದ ಆಲ್ಕಲಾಯ್ಡುಗಳನ್ನು ಪರೀಕ್ಷಿಸಿದರು. ಆದರೆ ಕೊನೆಸ್ಸೀನ್ ಕೆಲವರಲ್ಲಿ ನಿದ್ರಾನಾಶವನ್ನೂ ಮನಸ್ಸಿನ ತಳಮಳವನ್ನೂ ಉಂಟುಮಾಡಿತು. 1960ರ ದಶಕದಲ್ಲಿ ಮೆಟ್ರೊನಿಡಜೋಲ್ ಎಂಬ ಕೃತಕ ಔಷಧವು ಬಳಕೆಗೆ ಬಂದ ಮೇಲೆ ಇವೆರಡೂ ಹಿಂದೆ ಸರಿದವು.

ಕ್ರಿಮಿಯನ್ನು ಕೊಂದ ಮಾತ್ರಕ್ಕೆ ಒಂದು ದ್ರವ್ಯ ಔಷಧವೆನಿಸದು. ರೋಗಿಯನ್ನು ನೋಯಿಸದೆ ಕೊಲ್ಲಬೇಕು. ಎಷ್ಟು ಪ್ರಮಾಣ ಗುಣಕಾರಿ, ಎಷ್ಟು ಮೀರಿದರೆ ವಿಷ ಎಂಬುದೂ ನಿಶ್ಚಿತವಾಗಬೇಕು. ಒಂದು ಮರದ ತೊಗಟೆಯಲ್ಲಿರುವಷ್ಟೇ ಆಲ್ಕಲಾಯ್ಡು ಇನ್ನೊಂದರಲ್ಲಿ ಇರುವುದಿಲ್ಲವಾದ್ದರಿಂದ ಮನೆಯ ಕಷಾಯದಲ್ಲಿ ಈ ಅಳತೆ ಸಾಧ್ಯವಿಲ್ಲ.

ಇದು ಕೇವಲ ಚರಿತ್ರೆಯ ಮಾತಲ್ಲ. ಕಷಾಯದಿಂದ ಭೇದಿ ನಿಂತಿತೆಂದು ಸುಮ್ಮನಾದರೆ, ಕರುಳಿನಲ್ಲುಳಿದ ಅಮೀಬಾ ರಕ್ತದ ಮೂಲಕ ಯಕೃತ್ತನ್ನು ಸೇರಿ ಕೀವಿನ ಬಾವನ್ನು ಉಂಟುಮಾಡಬಹುದು. ಮಲದಲ್ಲಿ ರಕ್ತ ಕಂಡರೆ ಅದು ಅಮೀಬಾದಿಂದಲೋ ಬ್ಯಾಕ್ಟೀರಿಯಾದಿಂದಲೋ ಎಂಬುದನ್ನು ಪರೀಕ್ಷೆಯೇ ಹೇಳಬೇಕು. ಜ್ವರದೊಡನೆ ಬಲಪಕ್ಕೆಯಲ್ಲಿ ನೋವಿದ್ದರೆ ವೈದ್ಯರನ್ನು ಕಾಣಲು ತಡಮಾಡಬಾರದು. ಮೆಟ್ರೊನಿಡಜೋಲ್ ಕೊಟ್ಟ ಮೇಲೂ ಕರುಳಿನಲ್ಲಿ ಕವಚ ತೊಟ್ಟು ಉಳಿಯುವ ಅಮೀಬಾಗಳಿಗೆ ಮತ್ತೊಂದು ಔಷಧ ಬೇಕಾಗುವುದರಿಂದ ಚಿಕಿತ್ಸೆಯನ್ನು ನಡುವೆ ನಿಲ್ಲಿಸಬಾರದು.

ಈ ಕವಚದ ಅಮೀಬಾ ನೀರಿಗೆ ಬೆರೆಸುವ ಸಾಮಾನ್ಯ ಪ್ರಮಾಣದ ಕ್ಲೋರಿನ್ನಿಗೂ ಜಗ್ಗದು, ಕುದಿಸಿದರೆ ಸಾಯುತ್ತದೆ. ಕೊಡಸಿಗೆಯ ತಂಬುಳಿ ಊಟದ ಎಲೆಯಲ್ಲಿ ಇರಲಿ. ಮಳೆಗಾಲದಲ್ಲಿ ಕುದಿಸಿ ಆರಿಸಿದ ನೀರು ಪಕ್ಕದ ಲೋಟದಲ್ಲಿ ಇರಲೇಬೇಕು.