ವಾಹನದ ಕಿರುಗುಟ್ಟು ಮತ್ತು ಗಡಗಡ ಸದ್ದು: ಮನೆಯಲ್ಲೇ ಮಾಡಿಕೊಳ್ಳಬಹುದಾದ ಪರಿಹಾರ



ಈ ಪುಟದಲ್ಲಿ ಬೋರ್ಡೋ ದ್ರಾವಣ, ಕಾಯಿಕೊರಕ, ಅಡಿಕೆಯ ಧಾರಣೆ, ಸಂಘದ ಸಾಲ ಮರುಪಾವತಿ ಮುಂತಾದ ವಿಷಯಗಳನ್ನೇ ಬರೆಯುವುದು ವಾಡಿಕೆ. ಈ ಸಲ ನಮ್ಮ ಕಾರು, ಜೀಪು, ಪಿಕಪ್ಪುಗಳಲ್ಲಿ ಹುಟ್ಟುವ ಸದ್ದುಗಳ ಬಗ್ಗೆ ಬರೆಯಲು ಹೊರಟಿದ್ದೇನೆ. ಇದು ತೋಟದ ವಿಷಯವಲ್ಲವೆಂದು ಕೆಲವರಿಗೆ ತೋರಬಹುದು. ಆದರೆ ಗೊಬ್ಬರ ತರುವುದಕ್ಕೂ, ಅಡಿಕೆ ಮೂಟೆ ಸಾಗಿಸುವುದಕ್ಕೂ, ಅಪರಾತ್ರಿಯಲ್ಲಿ ಆಸ್ಪತ್ರೆಗೆ ಓಡುವುದಕ್ಕೂ ನಮಗಿರುವುದು ಅದೇ ಒಂದು ಗಾಡಿ. ಅದು ಮಾಡುವ ಸದ್ದಿನ ಅರ್ಥ ತಿಳಿದಿರುವುದು ಒಳ್ಳೆಯದು.

ಹೋದ ಮಳೆಗಾಲದಲ್ಲಿ ನಡೆದ ಒಂದು ಸಂಗತಿಯನ್ನು ಮೊದಲು ಹೇಳಿಬಿಡುತ್ತೇನೆ. ರಾತ್ರಿ ಹನ್ನೊಂದರ ಸುಮಾರಿಗೆ ನೆರೆಮನೆಯ ಸೊಸೆಗೆ ಹೆರಿಗೆ ನೋವು ಕಾಣಿಸಿಕೊಂಡಿತು. ಹರವೆಯಿಂದ ಚಾಮರಾಜನಗರದ ಆಸ್ಪತ್ರೆಗೆ ನನ್ನ ಗಾಡಿಯಲ್ಲೇ ಹೊರಟೆವು. ನನ್ನ ಗಾಡಿಯಲ್ಲಿ ಆಗ ಹತ್ತಾರು ಬಗೆಯ ಸದ್ದುಗಳಿದ್ದವು: ಡಿಕ್ಕಿಯಲ್ಲಿ ಜಾಕಿ ಕುಣಿಯುತ್ತಿತ್ತು, ಡ್ಯಾಶ್‌ಬೋರ್ಡು ಕಿರುಗುಟ್ಟುತ್ತಿತ್ತು, ಬಾಗಿಲು ಲಟಲಟ ಎನ್ನುತ್ತಿತ್ತು. ನನ್ನ ಕಿವಿ ಅವಕ್ಕೆ ಒಗ್ಗಿಹೋಗಿತ್ತು. ಊರು ಬಿಟ್ಟು ಮೂರ್ನಾಲ್ಕು ಮೈಲಿ ಹೋಗಿರಬಹುದು, ಹಿಂದೆ ಕುಳಿತಿದ್ದ ಅಜ್ಜಿ, "ಏನಪ್ಪಾ ಅದು, ಚಕ್ರದೊಳಗೆ ಕಲ್ಲು ಆಡ್ದಂಗಾಯ್ತದೆ?" ಎಂದರು. "ಏನಿಲ್ಲ ಅವ್ವಾ, ಹಳೇ ಗಾಡಿ" ಎಂದೆ. ಇನ್ನಷ್ಟು ದೂರ ಹೋಗುವಷ್ಟರಲ್ಲಿ ಸ್ಟೀರಿಂಗು ನಡುಗತೊಡಗಿತು. ಇಳಿದು ಟಾರ್ಚು ಬಿಟ್ಟು ನೋಡಿದರೆ ಮುಂದಿನ ಎಡಚಕ್ರದ ನಟ್ಟುಗಳಲ್ಲಿ ಎರಡು ಬೆರಳಿನಿಂದ ತಿರುಗಿಸಿದರೆ ತಿರುಗುವಷ್ಟು ಸಡಿಲವಾಗಿದ್ದವು. ಎರಡು ದಿನದ ಹಿಂದೆ ಪಂಕ್ಚರ್ ಹಾಕಿಸಿದ್ದೆ. ಚಕ್ರ ಕೂರಿಸಿದವರು ನಟ್ಟನ್ನು ಪೂರಾ ಬಿಗಿದಿರಲಿಲ್ಲ, ನಾನೂ ಪರೀಕ್ಷಿಸಿರಲಿಲ್ಲ. ಬಿಗಿದುಕೊಂಡು ನಿಧಾನವಾಗಿ ಹೋಗಿ ಸೇರಿದೆವು. ತಾಯಿ ಮಗು ಇಬ್ಬರೂ ಕ್ಷೇಮ. ಆದರೆ ಅಜ್ಜಿಗೆ ಕೇಳಿದ ಸದ್ದು ನನಗೇಕೆ ಕೇಳಲಿಲ್ಲ ಎಂಬ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ನಿರಪಾಯದ ಹತ್ತು ಸದ್ದುಗಳ ನಡುವೆ ಅಪಾಯದ ಒಂದು ಸದ್ದು ಮುಚ್ಚಿಹೋಗಿತ್ತು. ಸಣ್ಣಪುಟ್ಟ ಸದ್ದುಗಳನ್ನು ಅಡಗಿಸಬೇಕಾದ ಮುಖ್ಯ ಕಾರಣ ಇದೇ. ಕಿವಿಗೆ ಹಿತವಾಗುವುದು ಆಮೇಲಿನ ಮಾತು.

ಸದ್ದು ಹುಟ್ಟುವ ಬಗೆ

ಗಾಡಿಯ ಸದ್ದುಗಳನ್ನು ಎರಡು ಜಾತಿಯಾಗಿ ವಿಂಗಡಿಸಬಹುದು. ಮೊದಲನೆಯದು ಕಿರುಗುಟ್ಟುವ ಸದ್ದು. ಒತ್ತಿಕೊಂಡಿರುವ ಎರಡು ಮೈಗಳು ಒಂದರ ಮೇಲೊಂದು ಉಜ್ಜುವಾಗ ಅವು ಸರಾಗವಾಗಿ ಜಾರದೆ, ಕ್ಷಣ ಅಂಟಿ ಕ್ಷಣ ಜಾರಿ, ಹೀಗೆ ಸೆಕೆಂಡಿಗೆ ನೂರಾರು ಸಲ ಮಾಡುತ್ತವೆ. ಪಿಟೀಲಿನ ತಂತಿಯಿಂದ ನಾದ ಹೊರಡುವುದೂ ಇದೇ ಕ್ರಮದಲ್ಲಿ, ಕೀಲೆಣ್ಣೆ ಕಾಣದ ಎತ್ತಿನ ಗಾಡಿಯ ಅಚ್ಚು ಕೂಗುವುದೂ ಇದೇ ಕ್ರಮದಲ್ಲಿ. ಎರಡನೆಯದು ಗಡಗಡ ಅಥವಾ ಲಟಲಟ ಸದ್ದು. ಇಲ್ಲಿ ಎರಡು ಭಾಗಗಳ ನಡುವೆ ಸಂದು ಇದ್ದು, ಗಾಡಿ ಅದುರಿದಾಗ ಒಂದಕ್ಕೊಂದು ಬಡಿಯುತ್ತವೆ.

ಪರಿಹಾರವೂ ಎರಡೇ. ಉಜ್ಜುವುದನ್ನು ಬೇರ್ಪಡಿಸಬೇಕು, ಇಲ್ಲವೆ ಜಾರುವಂತೆ ಮಾಡಬೇಕು. ಬಡಿಯುವುದನ್ನು ಬಿಗಿಯಬೇಕು, ಇಲ್ಲವೆ ನಡುವೆ ಮೆತ್ತೆ ಕೊಡಬೇಕು. ಲಟಲಟ ಎನ್ನುವ ಬೋಲ್ಟಿಗೆ ಎಣ್ಣೆ ಬಿಡುವುದರಿಂದ ಪ್ರಯೋಜನವಿಲ್ಲ.

ಗಾಡಿಯ ಕಟ್ಟಡವನ್ನೂ ತಿಳಿದಿರಬೇಕು. ಹಳೆಯ ಜೀಪು ಮತ್ತು ಇಂದಿನ ಪಿಕಪ್ಪುಗಳಲ್ಲಿ ಚಾಸಿ ಬೇರೆ, ಬಾಡಿ ಬೇರೆ. ರಬ್ಬರ್ ಮೆತ್ತೆಗಳ ಮೇಲೆ ಬಾಡಿಯನ್ನು ಕೂರಿಸಿ ಬೋಲ್ಟು ಹಾಕಿರುತ್ತಾರೆ. ಮೆತ್ತೆ ಸವೆದರೆ ಇಡೀ ಬಾಡಿಯೇ ಬಡಿಯುತ್ತದೆ. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರಂಥ ಸಣ್ಣ ಕಾರುಗಳಲ್ಲಿ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಅವುಗಳಲ್ಲಿ ಸದ್ದು ಹುಟ್ಟುವುದು ಹೆಚ್ಚಾಗಿ ಒಳಗಿನ ಪ್ಲಾಸ್ಟಿಕ್ಕಿನಲ್ಲಿ. ಪ್ಲಾಸ್ಟಿಕ್ಕು ಬಿಸಿಲಿಗೆ ಉಕ್ಕಿಗಿಂತ ಹಲವು ಪಟ್ಟು ಹಿಗ್ಗುತ್ತದೆ. ಒಂದು ಮೀಟರ್ ಉದ್ದದ ಉಕ್ಕಿನ ಪಟ್ಟಿ 20 ಡಿಗ್ರಿ ಕಾವೇರಿದರೆ ಹಿಗ್ಗುವುದು ಸುಮಾರು ಕಾಲು ಮಿಲಿಮೀಟರ್, ಅಷ್ಟೇ ಉದ್ದದ ಪ್ಲಾಸ್ಟಿಕ್ಕು ಒಂದೂವರೆ ಮಿಲಿಮೀಟರ್ ಅಥವಾ ಹೆಚ್ಚು. ಬೆಳಗಿನ ಚಳಿಯಲ್ಲಿ ಕೇಳುವ ಸದ್ದು ಮಧ್ಯಾಹ್ನ ಮಾಯವಾಗುವುದು ಇದರಿಂದಲೇ.

ಸದ್ದನ್ನು ಹುಡುಕುವ ಕ್ರಮ

ಈ ಕೆಲಸದಲ್ಲಿ ಮುಕ್ಕಾಲು ಪಾಲು ಹುಡುಕಾಟ, ಕಾಲು ಪಾಲು ರಿಪೇರಿ.

1. ಮೊದಲು ಗಾಡಿಯನ್ನು ಬರಿದು ಮಾಡಿ. ಬಾಗಿಲ ಜೇಬಿನ ಚಿಲ್ಲರೆ, ನೀರಿನ ಬಾಟಲಿ, ಸೀಟಿನಡಿ ಉರುಳಿದ ಅಡಿಕೆ, ಸ್ಪ್ಯಾನರು, ಜಾಕಿ, ಸ್ಟೆಪ್ನಿ ಎಲ್ಲವನ್ನೂ ಹೊರಗಿಟ್ಟು ಒಂದು ಸುತ್ತು ಹೋಗಿ ಬನ್ನಿ. ಹಲವರ ಸಮಸ್ಯೆ ಇಲ್ಲಿಗೇ ಮುಗಿಯುತ್ತದೆ.

2. ಟೈರಿನ ಗಾಳಿ ನೋಡಿ. ಚಾಲಕನ ಬಾಗಿಲ ಕಂಬದ ಮೇಲೆ ಅಂಟಿಸಿರುವ ಚೀಟಿಯಲ್ಲಿ ಎಷ್ಟಿರಬೇಕೆಂದು ಬರೆದಿರುತ್ತದೆ. ಗಾಳಿ ಹೆಚ್ಚಾದರೆ ಪ್ರತಿ ಕಲ್ಲೂ ಗಾಡಿಯನ್ನು ಕುಲುಕಿಸುತ್ತದೆ.

3. ಸದ್ದು ಯಾವಾಗ ಬರುತ್ತದೆಂದು ಚೀಟಿಯಲ್ಲಿ ಬರೆದುಕೊಳ್ಳಿ: ಹಳ್ಳದಲ್ಲೋ, ತಿರುವಿನಲ್ಲೋ, ಬ್ರೇಕು ಹಾಕಿದಾಗಲೋ, ಮೂಟೆ ಹೇರಿದಾಗಲೋ, ಗಾಡಿ ನಿಂತಿರುವಾಗಲೋ. ನಿಂತಲ್ಲೇ ಆಕ್ಸಿಲರೇಟರ್ ಒತ್ತಿದಾಗ ಸದ್ದು ಬಂದರೆ ಅದು ಇಂಜಿನ್ ಅಥವಾ ಸೈಲೆನ್ಸರ್ ಕಡೆಯದು. ಚಕ್ರ ಉರುಳಿದಾಗ ಮಾತ್ರ ಬಂದು ವೇಗದೊಡನೆ ಹೆಚ್ಚಾದರೆ ಚಕ್ರದ ಕಡೆಯದು.

4. ಮನೆಯವರೊಬ್ಬರು ನಿಧಾನವಾಗಿ ಓಡಿಸಲಿ, ನೀವು ಪಕ್ಕದಲ್ಲೂ ಆಮೇಲೆ ಹಿಂದೆಯೂ ಕುಳಿತು ಒಂದೊಂದೇ ಭಾಗವನ್ನು ಅಂಗೈಯಿಂದ ಒತ್ತಿ ಹಿಡಿಯಿರಿ. ಒತ್ತಿದಾಗ ಸದ್ದು ನಿಂತರೆ ಜಾಗ ಸಿಕ್ಕಿತು. ಗಾಡಿ ಓಡಿಸುವವರೇ ಹುಡುಕಾಟಕ್ಕೆ ಕೈಹಾಕಕೂಡದು.

5. ಹೊರಗಿನ ಸದ್ದಾದರೆ ಕಿಟಕಿ ಇಳಿಸಿ ಗೋದಾಮಿನ ಗೋಡೆಯ ಬದಿಯಲ್ಲಿ ನಿಧಾನ ಸಾಗಿ. ಗೋಡೆ ಸದ್ದನ್ನು ತಿರುಗಿ ಕಳಿಸುವುದರಿಂದ ಎಡವೋ ಬಲವೋ, ಹಿಂದೋ ಮುಂದೋ ಎಂಬುದು ತಿಳಿಯುತ್ತದೆ. ನಿಂತ ಗಾಡಿಯಲ್ಲಿ ಒಂದು ಗಜ ಉದ್ದದ ಸ್ಪ್ರೇಯರ್ ಪೈಪಿನ ಒಂದು ತುದಿಯನ್ನು ಕಿವಿಗೆ, ಇನ್ನೊಂದನ್ನು ಸಂಶಯದ ಜಾಗಕ್ಕೆ ಹಿಡಿದರೆ ವೈದ್ಯರ ಕೊಳವೆಯಂತೆ ಕೆಲಸ ಮಾಡುತ್ತದೆ. ತಿರುಗುವ ಬೆಲ್ಟು ಮತ್ತು ಫ್ಯಾನಿನಿಂದ ಅದು ದೂರವಿರಲಿ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡತಕ್ಕದ್ದು. ನಾಲ್ಕು ಕಡೆ ಏಕಕಾಲದಲ್ಲಿ ಕೈಯಾಡಿಸಿದರೆ ಯಾವುದರಿಂದ ವಾಸಿಯಾಯಿತೆಂದು ತಿಳಿಯುವುದಿಲ್ಲ.

ಭಾಗವಾರು ಪರಿಹಾರ

ಬಾಗಿಲು: ಬಾಗಿಲ ಸುತ್ತಲಿನ ರಬ್ಬರ್ ಪಟ್ಟಿ ಒಣಗಿ ಧೂಳು ಹಿಡಿದರೆ ಕಿರುಗುಟ್ಟುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ, ಸಿಲಿಕೋನ್ ಗ್ರೀಸನ್ನು ತೆಳ್ಳಗೆ ಸವರಿ. ಇಂಜಿನ್ ಆಯಿಲ್, ಸೀಮೆಎಣ್ಣೆ ಬೇಡ, ಅವು ರಬ್ಬರನ್ನು ಉಬ್ಬಿಸಿ ಕೆಡಿಸುತ್ತವೆ. ಬಾಗಿಲು ಲಟಲಟ ಎನ್ನುತ್ತಿದ್ದರೆ ಒಂದು ಕಾಗದದ ಚೂರನ್ನು ಸಂದಿನಲ್ಲಿಟ್ಟು ಬಾಗಿಲು ಮುಚ್ಚಿ ಎಳೆಯಿರಿ. ಕಾಗದ ತಡೆಯಿಲ್ಲದೆ ಬಂದರೆ ಬಾಗಿಲು ಸರಿಯಾಗಿ ಕೂರುತ್ತಿಲ್ಲ. ಬೀಗ ಸಿಕ್ಕಿಕೊಳ್ಳುವ, ಸ್ಟ್ರೈಕರ್ ಎನ್ನುವ ಕೊಂಡಿಯ ಸುತ್ತ ಪೆನ್ಸಿಲಿನಿಂದ ಗುರುತು ಹಾಕಿ, ಸ್ಕ್ರೂ ಸಡಿಲಿಸಿ, ಕೂದಲೆಳೆಯಷ್ಟು ಒಳಕ್ಕೆ ಸರಿಸಿ ಬಿಗಿಯಿರಿ. ಹೆಚ್ಚಾದರೆ ಪೆನ್ಸಿಲ್ ಗುರುತಿಗೆ ವಾಪಸು ತರಬಹುದು.

ಡ್ಯಾಶ್‌ಬೋರ್ಡು: ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ಕು ತಾಕುವ ಸಂದಿಗೆ ಉಣ್ಣೆಯ ಫೆಲ್ಟು ಅಥವಾ ಹಳೆಯ ಮಖಮಲ್ ಬಟ್ಟೆಯ ಪಟ್ಟಿಯನ್ನು ಅಂಟಿಸಿ. ಸೈಕಲ್ ಟ್ಯೂಬಿನ ತುಂಡು ಎಲ್ಲರಿಗೂ ಮೊದಲು ನೆನಪಾಗುತ್ತದೆ, ಆದರೆ ರಬ್ಬರು ಪ್ಲಾಸ್ಟಿಕ್ಕಿನ ಮೇಲೆ ತಾನೇ ಕಿರುಗುಟ್ಟುವುದುಂಟು. ಸ್ಕ್ರೂಗಳನ್ನು ಅತಿಯಾಗಿ ಬಿಗಿದರೆ ಪ್ಲಾಸ್ಟಿಕ್ಕಿನ ಮರೆ ಹೋಗುತ್ತದೆ. ಗಾಳಿಚೀಲವಿರುವ ಕಾರುಗಳಲ್ಲಿ ಸ್ಟೀರಿಂಗು, ಕೈಪೆಟ್ಟಿಗೆಯ ಮೇಲ್ಭಾಗ, ಗಾಳಿಚೀಲ ಅಡಗಿರುವ ಕಂಬದ ಹೊದಿಕೆ ಇವುಗಳೊಳಗೆ ಬಟ್ಟೆ ತುರುಕಕೂಡದು. ಸೀಟಿನಡಿ ಕಾಣುವ ಹಳದಿ ಕನೆಕ್ಟರನ್ನು ಮುಟ್ಟಲೂ ಕೂಡದು.

ಸೀಟು, ಡಿಕ್ಕಿ, ಬಾನೆಟ್ಟು: ಸೀಟಿನ ಹಳಿಯಲ್ಲಿ ಸೇರಿರುವ ಮಣ್ಣನ್ನು ಬ್ರಷ್ಷಿನಿಂದ ತೆಗೆದು ಸ್ವಲ್ಪ ಗ್ರೀಸು ಹಾಕಿ, ನೆಲದ ಬೋಲ್ಟುಗಳು ಬಿಗಿಯಾಗಿವೆಯೇ ನೋಡಿ. ಜಾಕಿಯನ್ನು ಗೋಣಿತಾಟಿನಲ್ಲಿ ಸುತ್ತಿ ಅದರ ಜಾಗದಲ್ಲೇ ಕಟ್ಟಿ. ಬಾನೆಟ್ಟಿನ ಮೂಲೆಗಳಲ್ಲಿ ತಿರುಗಿಸಬಹುದಾದ ರಬ್ಬರ್ ಗುಬುಟುಗಳಿದ್ದರೆ ಅರ್ಧ ಸುತ್ತು ಮೇಲಕ್ಕೆ ಬಿಟ್ಟರೆ ಬಾನೆಟ್ಟಿನ ಬಡಿತ ನಿಲ್ಲುತ್ತದೆ.

ಸೈಲೆನ್ಸರ್: ತಗಡು ಕಂಪಿಸಿದಂತಹ ಝರ್ ಸದ್ದು ಬಂದರೆ ಸಾಮಾನ್ಯವಾಗಿ ಅದು ಸೈಲೆನ್ಸರ್ ಮೇಲಿನ ಶಾಖತಡೆ ತಗಡಿನದು. ಸ್ಕ್ರೂ ಜಾಗ ತುಕ್ಕು ಹಿಡಿದು ಕಳಚಿರುತ್ತದೆ. ಗಾಡಿ ಪೂರ್ತಿ ತಣಿದ ಮೇಲೆ, ಪೈಪನ್ನೂ ತಗಡನ್ನೂ ಸೇರಿಸಿ ಒಂದು ದೊಡ್ಡ ಸ್ಟೀಲ್ ಹೋಸ್ ಕ್ಲಿಪ್ಪು ಹಾಕಿ ಬಿಗಿಯಿರಿ. ಕೆಲವರು ತಗಡನ್ನೇ ಕಿತ್ತು ಬಿಸಾಡುತ್ತಾರೆ. ಇದು ತಪ್ಪು. ಒಣಹುಲ್ಲು, ಅಡಿಕೆ ಹಾಳೆ, ತರಗೆಲೆಯ ಮೇಲೆ ಗಾಡಿ ನಿಲ್ಲಿಸುವವರು ನಾವು; ಬೆಂಕಿಗೂ ಗಾಡಿಗೂ ನಡುವೆ ಇರುವುದು ಆ ತಗಡು. ಸೈಲೆನ್ಸರ್ ನೇತಾಡುವ ರಬ್ಬರ್ ಬಳೆ ಹರಿದಿದ್ದರೆ ಹೊಸದು ಹಾಕಿಸಿ. ತಂತಿ ಕಟ್ಟುವುದು ತಾತ್ಕಾಲಿಕವಷ್ಟೆ.

ಸ್ಪ್ರಿಂಗ್ ಪ್ಲೇಟು: ಪುಣಜನೂರಿನಿಂದ ಬೇಡಗುಳಿಗೆ ಹತ್ತುವಂತಹ ದಾರಿಗಳಲ್ಲಿ ಓಡಾಡುವ ಜೀಪು, ಪಿಕಪ್ಪುಗಳಲ್ಲಿ ಪ್ಲೇಟುಗಳ ನಡುವೆ ಮಣ್ಣು, ತುಕ್ಕು ಸೇರಿ ಕಿರುಗುಟ್ಟುತ್ತವೆ. ಹಳೆಯ ಇಂಜಿನ್ ಆಯಿಲ್ ಎರಚುವುದು ನಮ್ಮಲ್ಲಿ ರೂಢಿ. ಅದರಿಂದ ಎರಡು ದಿನ ಮೌನ, ಮೂರನೆಯ ದಿನ ಕೆಂಪು ಧೂಳು ಎಣ್ಣೆಯಲ್ಲಿ ಕಲೆತು ಉಜ್ಜುಪುಡಿಯಾಗಿ ಪ್ಲೇಟನ್ನೇ ಸವೆಸುತ್ತದೆ, ರಬ್ಬರ್ ಬುಷ್ಷೂ ಹಾಳು. ನೀರಿನಿಂದ ಚೆನ್ನಾಗಿ ತೊಳೆದು ಒಣಗಿಸಿ, ತಂತಿ ಬ್ರಷ್ಷಿನಿಂದ ಉಜ್ಜಿ, ಚಾಸಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ಆಕ್ಸಲ್ ಕೆಳಗೆ ನೇತಾಡಿದಾಗ ಪ್ಲೇಟುಗಳ ಬಾಯಿ ತುಸು ಬಿಡುತ್ತದೆ. ಅಲ್ಲಿ ಗ್ರಾಫೈಟ್ ಗ್ರೀಸು ಸವರಿ. ಪ್ಲೇಟುಗಳ ನಡುವೆ ಪ್ಲಾಸ್ಟಿಕ್ ತುಣುಕುಗಳಿರುವ ಗಾಡಿಯಲ್ಲಿ ಗ್ರೀಸು ಬೇಡ, ಸವೆದ ತುಣುಕನ್ನು ಬದಲಿಸಿದರೆ ಸರಿ.

ಮನೆಯಲ್ಲಿ ಮುಟ್ಟಬಾರದ ಸದ್ದುಗಳು

ಕೆಳಗಿನವು ಕೇಳಿದರೆ ಗಾಡಿಯನ್ನು ನಿಧಾನವಾಗಿ ಮೆಕ್ಯಾನಿಕ್ಕಿನ ಬಳಿಗೆ ಒಯ್ಯತಕ್ಕದ್ದು: ಬ್ರೇಕು ಹಾಕಿದಾಗ ಲೋಹ ಅರೆಯುವ ಸದ್ದು, ಪೂರಾ ತಿರುಗಿಸಿ ಹೊರಟಾಗ ಮುಂಚಕ್ರದಲ್ಲಿ ಟಕಟಕ, ಸಣ್ಣ ಹಳ್ಳಕ್ಕೂ ಮುಂದೆ ಟಣ್ ಎಂಬ ಬಡಿತ, ವೇಗದೊಡನೆ ಏರುವ ಗುಂಯ್ ಸದ್ದು. ಬ್ರೇಕ್ ಪ್ಯಾಡು, ಆಕ್ಸಲ್ ಜಾಯಿಂಟು, ಬಾಲ್ ಜಾಯಿಂಟು, ಬೇರಿಂಗು ಸವೆದಾಗ ಇವು ಬರುತ್ತವೆ. ಸದ್ದಿನ ಜೊತೆಗೆ ಸ್ಟೀರಿಂಗು ನಡುಗಿದರೆ ಅಥವಾ ಗಾಡಿ ಒಂದು ಕಡೆಗೆ ಎಳೆದರೆ ಮುಂದೆ ಹೋಗದೆ ನಿಲ್ಲಿಸಿ. ಅಂಥಾದ್ದನ್ನು ರೇಡಿಯೋ ಜೋರು ಮಾಡಿ ಮರೆಯಬಾರದು.

ಚಕ್ರದ ನಟ್ಟಿನ ವಿಷಯದಲ್ಲಿ ನನ್ನ ಅನುಭವದಿಂದ ಮೂರು ಮಾತು. ನಟ್ಟುಗಳನ್ನು ಸಾಲಾಗಿ ಬಿಗಿಯದೆ ಎದುರುಬದಿರಾಗಿ ಬಿಗಿಯಬೇಕು. ಮರೆಗೆ ಎಣ್ಣೆ, ಗ್ರೀಸು ಹಚ್ಚಕೂಡದು. ಚಕ್ರ ಬಿಚ್ಚಿ ಹಾಕಿದ ಮೇಲೆ 50ರಿಂದ 100 ಕಿಲೋಮೀಟರ್ ಓಡಿದ ನಂತರ ಇನ್ನೊಮ್ಮೆ ಬಿಗಿ ನೋಡಬೇಕು.

ಕೊನೆಯ ಎಚ್ಚರಿಕೆ: ಬರೀ ಜಾಕಿಯ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ತೂರಕೂಡದು. ಗಟ್ಟಿ ಸಿಮೆಂಟು ಕಣದ ಮೇಲೆ, ಚಕ್ರಕ್ಕೆ ಅಡೆ ಕೊಟ್ಟು, ಕಬ್ಬಿಣದ ಸ್ಟ್ಯಾಂಡು ಇಟ್ಟ ಮೇಲೆಯೇ ಕೆಲಸ. ಇಟ್ಟಿಗೆ, ತೆಂಗಿನ ಕೊರಡು ಇವು ಸ್ಟ್ಯಾಂಡಲ್ಲ.

ಒಂದು ಭಾನುವಾರ, ಒಂದು ಸೆಟ್ಟು ಸ್ಪ್ಯಾನರು, ಒಂದು ಗಜ ಫೆಲ್ಟು, ಒಂದು ಡಬ್ಬಿ ಗ್ರೀಸು ಇದ್ದರೆ ಇದರಲ್ಲಿ ಬಹುಪಾಲು ಮುಗಿಯುತ್ತದೆ. ನನ್ನ ಗಾಡಿ ಈಗ ಮೌನವಾಗಿದೆ ಎಂದು ಹೇಳಲಾರೆ. ಹೊಸ ಸದ್ದು ಬಂದರೆ ಕೇಳುವಷ್ಟು ಮೌನವಾಗಿದೆ. ಸದಸ್ಯರು ಮುಂದಿನ ಸಲ ಸಂಘಕ್ಕೆ ಮೂಟೆ ತಂದಾಗ ನಿಮ್ಮ ಗಾಡಿಯ ಸದ್ದಿನ ಚೀಟಿಯನ್ನೂ ತಂದರೆ, ತೂಕ ಮುಗಿಯುವವರೆಗೆ ಕುಳಿತು ನೋಡೋಣ. ಅದಕ್ಕೂ ಮೊದಲು, ಈ ಲೇಖನ ಓದಿ ಮುಗಿಸಿದ ಕೂಡಲೇ, ದಯವಿಟ್ಟು ಹೊರಗೆ ಹೋಗಿ ನಾಲ್ಕೂ ಚಕ್ರದ ನಟ್ಟುಗಳನ್ನು ಒಮ್ಮೆ ಬಿಗಿ ನೋಡಿ ಬನ್ನಿ.

— ಕಾರ್ಯದರ್ಶಿ