ಕಂಬಳಿಯೊಳಗಿನ ಜ್ವರ

ಆಷಾಢದ ಜಡಿಮಳೆ. ಮಲವಗೊಪ್ಪದಲ್ಲಿ ಬಿ.ಎಚ್. ರಸ್ತೆಯ ಬದಿಯಲ್ಲಿ ಶಿವಮೊಗ್ಗದ ಬಸ್ಸಿಗೆ ಕಾಯುತ್ತ ನಿಂತ ತಾಯಿಯ ಹೆಗಲ ಮೇಲೆ ವರ್ಷದ ಮಗು. ತಲೆಗೆ ಕುಲಾವಿ, ಮೈಗೆ ಸ್ವೆಟರ್, ಮೇಲೊಂದು ಕಂಬಳಿ. ಕಾಣುವುದು ಮೂಗಿನ ತುದಿ ಮಾತ್ರ. ಮೂರು ದಿನದಿಂದ ಜ್ವರ. ಕೆಮ್ಮಿಲ್ಲ, ನೆಗಡಿಯಿಲ್ಲ, ಭೇದಿಯಿಲ್ಲ. "ಹಲ್ಲು ಬರ್ತಿರಬೇಕು ಬಿಡವ್ವ, ಇಲ್ಲಾ ದೃಷ್ಟಿಯಾಗಿರಬೇಕು" ಎನ್ನುತ್ತಾರೆ ಪಕ್ಕದಲ್ಲಿ ನಿಂತ ಅಜ್ಜಿ.

ಹಲ್ಲು ಬರುವಾಗ ಮೈ ತುಸು ಬೆಚ್ಚಗಾಗಬಹುದು, ಆದರೆ 100.4 ಡಿಗ್ರಿ ದಾಟುವ ಜ್ವರಕ್ಕೆ ಹಲ್ಲು ಕಾರಣವಲ್ಲ. ಇಂಥ ಮೂಲ ಕಾಣದ ಜ್ವರದಲ್ಲಿ ಹೆಚ್ಚಿನವು ವೈರಸ್ಸಿನಿಂದ ಬಂದು, ಕೆಲವು ದಿನಗಳಲ್ಲಿ ತಾವಾಗಿಯೇ ಹೋಗುತ್ತವೆ. ಉಳಿದ ಕೆಲವನ್ನು ಬೇಗ ಪತ್ತೆಹಚ್ಚುವುದೇ ವೈದ್ಯರ ತಲೆನೋವು. ಆ ಪತ್ತೆಯ ಮೊದಲ ಹೆಜ್ಜೆಗೆ ಯಾವ ಯಂತ್ರವೂ ಬೇಡ. ಮಗುವಿನ ಬಟ್ಟೆ ಬಿಚ್ಚಿ, ಒಳ್ಳೆಯ ಬೆಳಕಿನಲ್ಲಿ, ನೆತ್ತಿಯಿಂದ ಅಂಗಾಲಿನವರೆಗೆ ನೋಡಬೇಕು.

ಮೂರು ತಿಂಗಳು ತುಂಬದ ಕೂಸಿನ ಮಾತೇ ಬೇರೆ. ಜ್ವರ 100.4 ಮುಟ್ಟಿದರೆ ಮನೆಯಲ್ಲಿ ಕಾಯುವುದೇ ಬೇಡ, ಆಸ್ಪತ್ರೆಗೆ ಹೊರಡಬೇಕು. ಸೋಂಕು ರಕ್ತಕ್ಕೋ ಮಿದುಳಿನ ಪೊರೆಗೋ ಇಳಿದಿದ್ದರೂ ಆ ವಯಸ್ಸಿನಲ್ಲಿ ಹೊರಗೆ ಗುರುತು ಕಾಣದೆ ಇರಬಹುದು. ಕೆಲವು ಹಸುಗೂಸುಗಳಿಗೆ ಸೋಂಕಾದಾಗ ಮೈ ಬಿಸಿಯಾಗುವ ಬದಲು ತಣ್ಣಗಾಗುತ್ತದೆ.

ಅಂಗಿ ಎತ್ತಿದರೆ ಉಸಿರು ಕಾಣುತ್ತದೆ. ಮಗು ಅಳದೆ ಇರುವಾಗ ಪೂರಾ ಒಂದು ನಿಮಿಷ ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40, ಇಷ್ಟು ಅಥವಾ ಇದಕ್ಕಿಂತ ಹೆಚ್ಚಾದರೆ ನ್ಯುಮೋನಿಯಾ ಶಂಕೆ. ಉಸಿರೆಳೆದಾಗ ಪಕ್ಕೆ ಒಳಗೆ ಗುಳಿ ಬೀಳುತ್ತಿದ್ದರೆ ಇನ್ನೂ ಅವಸರ. ಹಾಲು ಕುಡಿಯಲಾರದ ಮಗು, ಕುಡಿದದ್ದೆಲ್ಲ ಕಕ್ಕುವ ಮಗು, ಫಿಟ್ಸ್ ಬಂದ ಮಗು, ಎಬ್ಬಿಸಿದರೂ ಏಳದೆ ಜೋಲುವ ಮಗು: ಇವರಿಗೆ ಥರ್ಮಾಮೀಟರ್ ಎಷ್ಟೇ ತೋರಿಸಲಿ, ಆಸ್ಪತ್ರೆಯೇ ದಾರಿ. 103 ಡಿಗ್ರಿಯಲ್ಲೂ ಔಷಧಿ ಬಿದ್ದ ಮೇಲೆ ಎದ್ದು ನಗುವ ಮಗುವಿಗಿಂತ, 101ರಲ್ಲೇ ಕಣ್ಣು ತೆರೆಯದ ಮಗುವಿಗೆ ನಾನು ಹೆಚ್ಚು ಹೆದರುತ್ತೇನೆ.

ಡೈಪರಿನೊಳಗೂ ಒಂದು ಕಾರಣ ಅಡಗಿರುತ್ತದೆ. ಎರಡು ವರ್ಷದೊಳಗಿನ ಮಕ್ಕಳಿಗೆ ಕಾರಣ ಸಿಗದೆ ಜ್ವರ ಬಂದಾಗ, ನೂರರಲ್ಲಿ ಸುಮಾರು 5ರಿಂದ 7 ಮಕ್ಕಳಿಗೆ ಮೂತ್ರದ ಸೋಂಕು ಇರುತ್ತದೆ. 'ಉರಿ' ಎಂದು ಹೇಳಲು ಮಗುವಿಗೆ ಬಾಯಿಲ್ಲ. ಬಿಟ್ಟರೆ ಮೂತ್ರಪಿಂಡದಲ್ಲಿ ಕಲೆ ಉಳಿಯಬಹುದು. ಆದರೂ ಆ್ಯಂಟಿಬಯಾಟಿಕ್ ಶುರುಮಾಡುವ ಮೊದಲು ಮೂತ್ರ ಪರೀಕ್ಷೆ ಮಾಡಿಸುವವರು ಕಡಿಮೆ, ಏಕೆಂದರೆ ಕೂಸಿನಿಂದ ಶುದ್ಧ ಮೂತ್ರ ಹಿಡಿಯುವುದು ಕಷ್ಟ. ಅಂಟಿಸುವ ಚೀಲದಲ್ಲಿ ಚರ್ಮದ ಬ್ಯಾಕ್ಟೀರಿಯಾ ಬೆರೆತು ಫಲಿತಾಂಶ ಕೆಡುತ್ತದೆ. 2017ರಲ್ಲಿ ಮೆಲ್ಬರ್ನ್‌ನ ವೈದ್ಯರು ಸುಲಭದ ಉಪಾಯವೊಂದನ್ನು ಪರೀಕ್ಷಿಸಿದರು. ತಣ್ಣನೆಯ ಸಲೈನಿನಲ್ಲಿ ಅದ್ದಿದ ಬಟ್ಟೆಯಿಂದ ಕಿಬ್ಬೊಟ್ಟೆಯನ್ನು ಮೆಲ್ಲಗೆ ಸವರುವುದು. ಐದು ನಿಮಿಷದೊಳಗೆ ನೂರಕ್ಕೆ 31 ಕೂಸುಗಳು ಉಚ್ಚೆ ಹೊಯ್ದವು, ಸುಮ್ಮನೆ ಕಾದಾಗ 12 ಮಾತ್ರ. ನಮ್ಮ ಅಜ್ಜಿಯರು ಕಾಲ ಮೇಲೆ ಕೂರಿಸಿಕೊಂಡು 'ಸ್ಸ್...' ಎನ್ನುತ್ತಿದ್ದುದು ನೆನಪಾಗುತ್ತದೆ. ಅವರ ಕೈಗೇ ಮೂತ್ರದ ಡಬ್ಬಿ ಕೊಟ್ಟು ಕೂರಿಸಬೇಕು.

ಜ್ವರದ ಔಷಧಿಯಲ್ಲಿ ಚಮಚದ ಅಂದಾಜು ಬೇಡ. ಪ್ಯಾರಾಸಿಟಮಾಲ್ ಲೆಕ್ಕ ಮಗುವಿನ ತೂಕದ್ದು: ಕಿಲೋಗೆ 15 ಮಿಲಿಗ್ರಾಂ, ಹತ್ತು ಕಿಲೋದ ಮಗುವಿಗೆ 150, ಮತ್ತೆ ಕೊಡಲು ನಾಲ್ಕರಿಂದ ಆರು ಗಂಟೆ ಅಂತರ. ಹನಿ ಔಷಧಿಯ ಒಂದೇ ಮಿಲೀಲೀಟರಿನಲ್ಲಿ ಸಾಮಾನ್ಯವಾಗಿ 100 ಮಿಲಿಗ್ರಾಂ ಇರುತ್ತದೆ, ಸಿರಪ್ಪಿನಲ್ಲಿ ಐದು ಮಿಲೀಲೀಟರಿಗೆ 125 ಅಥವಾ 250. ಶೀಶೆ ಬದಲಾದರೆ ಅಳತೆಯೂ ಬದಲಾಗಬೇಕು. ಡೆಂಗಿ ಕಾಲದಲ್ಲಿ ಇನ್ನೊಂದು ಎಚ್ಚರ: ಜ್ವರ ಇಳಿಯುವ ಹೊತ್ತೇ, ಅಂದರೆ ಮೂರರಿಂದ ಏಳನೇ ದಿನವೇ, ಅಪಾಯದ ಹೊತ್ತು. ಆಗ ಮಗುವಿಗೆ ಹೊಟ್ಟೆನೋವು, ಬಿಡದ ವಾಂತಿ, ಕೈಕಾಲು ತಣ್ಣಗಾಗುವುದು ಕಂಡರೆ 'ಜ್ವರ ಬಿಟ್ಟಿತು' ಎಂದು ನೆಮ್ಮದಿಯಾಗಬಾರದು.

ಮಲೆನಾಡಿಗೆ ಜ್ವರ ಹೊಸದಲ್ಲ. ಮಲೇರಿಯಾದ ದಿನಗಳಲ್ಲಿ ವೈದ್ಯರು ಊರೂರಿಗೆ ಹೋಗಿ ಮಕ್ಕಳ ಎಡಪಕ್ಕೆಯ ಕೆಳಗೆ ಕೈಯೊತ್ತಿ, ಎಷ್ಟು ಮಂದಿಗೆ ಜ್ವರಗಡ್ಡೆ, ಅಂದರೆ ಊದಿದ ಗುಲ್ಮ, ಇದೆ ಎಂದು ಎಣಿಸಿ ಆ ಊರಿನ ಮಲೇರಿಯಾ ಅಳೆಯುತ್ತಿದ್ದರು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಪತ್ತೆಯಾಯಿತು. ಮಗುವೋ ಮನೆಯವರೋ ಕಾಡಿನಂಚಿಗೆ ಹೋಗಿ ಬಂದಿದ್ದರೆ ವೈದ್ಯರಿಗೆ ಕೇಳದೆಯೇ ಹೇಳಿ.

ಈಗ ಹೆಚ್ಚು ಗಮನ ಬೇಡುವುದು ಸ್ಕ್ರಬ್ ಟೈಫಸ್. ಮಳೆ ಹಿಂದೆ ಸರಿದಾಗ ಹುಲ್ಲು ಬೆಳೆದ ಖಾಲಿ ಸೈಟು, ಗದ್ದೆ ಬದು, ಇಲಿ ಓಡಾಡುವ ಪೊದೆಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಮರಿ ಮೈಗೆ ಹತ್ತುತ್ತದೆ. ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಒಂದೆರಡು ವಾರಕ್ಕೆ ಜ್ವರ. ಕಚ್ಚಿದ ಜಾಗದಲ್ಲಿ ಬೀಡಿ ತುದಿ ಸುಟ್ಟಂತೆ ಪುಟ್ಟ ಕಪ್ಪು ಹಕ್ಕಳೆ, ಸುತ್ತ ಕೆಂಪು ಅಂಚು. ನೋವಿಲ್ಲ, ತುರಿಕೆಯಿಲ್ಲ. ಕಂಕುಳಲ್ಲಿ, ತೊಡೆಸಂದಿಯಲ್ಲಿ, ಕಿವಿಯ ಹಿಂದೆ, ಚಡ್ಡಿಯ ಇಲಾಸ್ಟಿಕ್ ಕೆಳಗೆ ಅಡಗಿರುತ್ತದೆ. ಎಲ್ಲರಲ್ಲೂ ಇರುವುದಿಲ್ಲ, ಆದರೆ ಇದ್ದರೆ ರೋಗ ಬಹುತೇಕ ತನ್ನ ಹೆಸರು ತಾನೇ ಹೇಳಿಕೊಂಡಂತೆ. ಈ ರೋಗ ತರುವ ಬ್ಯಾಕ್ಟೀರಿಯಾ ನಮ್ಮ ಜೀವಕೋಶಗಳೊಳಗೆ ನುಗ್ಗಿ ಬೆಳೆಯುತ್ತದೆ. ಮೆಡಿಕಲ್ ಶಾಪಿನಿಂದ ತಂದು ಕುಡಿಸುವ ಅಮಾಕ್ಸಿಸಿಲಿನ್, ಸೆಫಿಕ್ಸಿಮ್‌ಗೆ ಬಗ್ಗುವುದಿಲ್ಲ. ತಡವಾದರೆ ಶ್ವಾಸಕೋಶ, ಮಿದುಳನ್ನು ಹಿಡಿಯುತ್ತದೆ. ವೈದ್ಯರು ಆ ಹಕ್ಕಳೆ ಕಂಡ ದಿನವೇ, ರಕ್ತದ ವರದಿಗೆ ಕಾಯದೆ, ಡಾಕ್ಸಿಸೈಕ್ಲಿನ್ ಅಥವಾ ಅಜಿತ್ರೊಮೈಸಿನ್ ಶುರುಮಾಡುತ್ತಾರೆ. ಸಾಮಾನ್ಯವಾಗಿ ಎರಡು ದಿನಕ್ಕೆ ಜ್ವರ ಇಳಿದು, ಮಗು ಗಂಜಿ ಕೇಳುತ್ತದೆ.